ಬುಲೆಟ್ ರೈಲಿನ ಚರಂಡಿಗೆ ಗೋಣಿಚೀಲ

ರೈಲು ನೋಡಲೆಂದು ನಾನು ಬಸ್ಸು ಹತ್ತಿದೆ. ಮೈಸೂರಿನಿಂದ ಶಿವಮೊಗ್ಗದವರೆಗೆ ರೈಲೇ ಸಿಕ್ಕಿತ್ತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತ್ತು. ಅಲ್ಲಿಂದ ಮುಂದೆ ಶಿಕಾರಿಪುರಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರು ಬಸ್ಸೇ ಗತಿ. ಸರ್ಕಾರಿ ಬಸ್ಸಾದರೆ ಹೆಂಗಸರು ದುಡ್ಡು ಕೊಡಬೇಕಿಲ್ಲ. ಆದರೆ ಹೊರಡಲು ಗುರುಗುಟ್ಟುತ್ತಿದ್ದದ್ದು ಖಾಸಗಿ ಬಸ್ಸು, ಅದರ ಕಂಡಕ್ಟರು ನನ್ನ ಬ್ಯಾಗನ್ನು ಆಗಲೇ ಒಳಗೆ ಹಾಕಿಯಾಗಿತ್ತು. ಬ್ಯಾಗಿನ ಹಿಂದೆ ನಾನೂ ಹೋಗಿ ಟಿಕೆಟ್ ಕೊಂಡೆ. ಸರ್ಕಾರದ್ದೋ ಖಾಸಗಿಯದೋ ಎಂಬ ಈ ಪ್ರಶ್ನೆ ಊರಿಗೆ ಮರಳುವವರೆಗೂ ನನ್ನ ಬೆನ್ನು ಬಿಡುವುದಿಲ್ಲವೆಂದು ಆಗ ಗೊತ್ತಿರಲಿಲ್ಲ.

ನನ್ನನ್ನು ಕರೆಸಿದವಳು ನಸೀಮಾ. ಶಿವಮೊಗ್ಗದ ಕಾಲೇಜಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು. ಈಗ ಶಿಕಾರಿಪುರದಲ್ಲಿ ಅಪ್ಪನ ವೆಲ್ಡಿಂಗ್ ಅಂಗಡಿ ನಡೆಸುತ್ತಾಳೆ. "ನಮ್ಮ ಕಡಿಗೂ ಬುಲೆಟ್ ರೈಲು ಬರ್ತಾ ಐತಿ. ರೈಲಿನ ಹುಚ್ಚಿ ನೀನು, ನೀನೇ ನೋಡಕ್ಕೆ ಬರ್ಲಿಲ್ಲ ಅಂದ್ರೆ ಹೆಂಗೆ?" ಎಂದು ಫೋನಿನಲ್ಲಿ ಬೈದಿದ್ದಳು. ಬರುತ್ತಿರುವುದು ಬುಲೆಟ್ ರೈಲಲ್ಲ, ಮಾಮೂಲಿಗಿಂತ ಬಹಳ ವೇಗವಾಗಿ ಓಡುವ ಗಾಡಿಗಳಿಗೆಂದು ಕಟ್ಟುತ್ತಿರುವ ಹೊಸ ದಾರಿ. ಆದರೆ ಆ ಕಡೆಯ ಜನ ಅದಕ್ಕೆ ಬುಲೆಟ್ ಎಂದೇ ಹೆಸರಿಟ್ಟುಬಿಟ್ಟಿದ್ದಾರೆ. ತಿದ್ದಲು ಹೋದ ನನಗೆ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು, "ಏನಾರ ಇರ್ಲಿ ಬಿಡ್ರೀ, ಬರ್ಲಿ ಮೊದ್ಲು" ಎಂದಳು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸರ್ಕಾರ ಮತ್ತು ಕಂಪನಿ ಸೇರಿ ಏನಾದರೂ ಕಟ್ಟುತ್ತಾರೆಂದರೆ ನನಗೆ ನಂಬಿಕೆ ಕಡಿಮೆ. ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲೊಂದು ಕಾರಂಜಿ ಇದೆ. ಒಬ್ಬರು ಜಾಗ ಕೊಟ್ಟರು, ಇನ್ನೊಬ್ಬರು ಕಟ್ಟಿದರು, ಇಬ್ಬರೂ ಕೂಡಿ ಟೇಪು ಕತ್ತರಿಸಿದರು. ಕಾರಂಜಿ ಕೆಟ್ಟ ಮೇಲೆ ಅದು ಯಾರದೆಂದು ಇವತ್ತಿಗೂ ತೀರ್ಮಾನವಾಗಿಲ್ಲ, ಸೊಳ್ಳೆಗಳಂತೂ ಸುಖವಾಗಿವೆ. ಕಾರಂಜಿಯ ಗತಿಯೇ ಹೀಗಾದರೆ ರೈಲಿನ ಗತಿಯೇನು ಎಂಬ ಕೊಂಕನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಹೊರಟಿದ್ದೆ.

ಶಿಕಾರಿಪುರದಲ್ಲಿ ಇಳಿದಾಗ ಸಂಜೆಯ ತುಂತುರು. ನಸೀಮಾಳ ಅಂಗಡಿಯ ಮುಂದೆ ಕಬ್ಬಿಣದ ಜಾಲರಿಗಳು ಗೋಡೆಗೆ ಒರಗಿ ನಿಂತಿದ್ದವು. ಮಂಡಕ್ಕಿ, ಮಿರ್ಚಿ ತರಿಸಿ ನನ್ನ ಮುಂದಿಟ್ಟು, "ಇವು ರೈಲಿನ ಚರಂಡಿಗೆ ಹಾಕೋ ಜಾಲರಿ. ಕಸ ಒಳಗೆ ಹೋಗಬಾರದಲ್ಲ, ಅದಕ್ಕೆ" ಎಂದಳು. ಹೇಳುವಾಗ ಹೆಮ್ಮೆ ಇತ್ತು. ಆದರೆ ಮಿರ್ಚಿ ಮುಗಿಯುವ ಹೊತ್ತಿಗೆ ಮುಖ ಸಪ್ಪಗಾಯಿತು.

"ಏನಾಯ್ತೇ?" ಎಂದೆ.

"ಗಿರಿಜಮ್ಮ ಅಂತ ಒಬ್ರು ಇದಾರೆ. ಅಂಬ್ಲಿಗೊಳ ಡ್ಯಾಮಿನ ಕಾಲುವೆ ಕೊನೇಲಿ ಅವರ ಊರು. ಅವರ ಹೆಂಗಸರ ಸಂಘಕ್ಕೆ ರೈಲು ದಾರಿ ಕಟ್ಟೋ ಕಂಪನಿಯೋರು ಚರಂಡಿ, ಬೇಲಿ ನೋಡ್ಕಳೋ ಕೆಲಸ ಕೊಟ್ಟಾರೆ. ವರ್ಷಪೂರ್ತಿ ಕೆಲಸ. ಅದನ್ನ ಕೊಡಿಸಕ್ಕೆ ನಾನೂ ಅವರ ಜೊತೆ ಓಡಾಡೀನಿ. ಈಗ ನೋಡಿದ್ರೆ ಚರಂಡಿ ಕಾಯೋರೇ ಚರಂಡಿಗೆ ಗೋಣಿಚೀಲ ತುರುಕ್ಯಾರೆ!"

ನಾನು ನಕ್ಕೆ. ಅವಳು ನಗಲಿಲ್ಲ. "ನಾಳೆ ಸೊರಬದಾಗೆ ಕಂಪನಿಯೋರ ಮೀಟಿಂಗ್ ಐತಿ. ಕೆಲಸ ಹೋಗೋದೇ ಅಂತ ಗಿರಿಜಮ್ಮ ಊಟ ಬಿಟ್ಟು ಕೂತಾರೆ" ಎಂದಳು.

ಮರುದಿನ ಬೆಳಿಗ್ಗೆ ಅವಳ ಸ್ಕೂಟರಿನ ಹಿಂದೆ ಕೂತು ಆ ಹಳ್ಳಿಗೆ ಹೋದೆ. ರಸ್ತೆಯ ಎರಡೂ ಕಡೆ ಮೊಣಕಾಲೆತ್ತರದ ಮೆಕ್ಕೆಜೋಳ. ಅದರ ನಡುವೆ ಇದ್ದಕ್ಕಿದ್ದಂತೆ ಕೆಂಪು ಮಣ್ಣಿನ ಎತ್ತರದ ಏರಿ, ಏರಿಯ ಮೇಲೆ ಮಿರಮಿರ ಹೊಳೆಯುವ ಹಳಿ. ಇಷ್ಟು ನೇರವಾದ ಹಳಿಯನ್ನು ನಾನು ನೋಡಿರಲಿಲ್ಲ. ನಿಜ ಹೇಳುತ್ತೇನೆ, ಬ್ಯಾಗಿನಲ್ಲಿದ್ದ ಕೊಂಕು ಒಂದು ಗಳಿಗೆ ಮರೆತೇಹೋಯಿತು. ವೇಗದ ಗಾಡಿಗೆ ಅಡ್ಡ ಯಾರೂ ಬರಬಾರದೆಂದು ಎರಡೂ ಬದಿ ಬೇಲಿ. ಗೇಟು ಎಂಬುದೇ ಇಲ್ಲ. ಜನ, ದನ, ಟ್ರ್ಯಾಕ್ಟರು ಎಲ್ಲ ಏರಿಯ ಕೆಳಗಿನ ಸುರಂಗದಂಥ ದಾರಿಯಲ್ಲೇ ದಾಟಬೇಕು. ಆ ದಾರಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು.

ನೀರಿನ ಅಂಚಿನಲ್ಲಿ ಗಿರಿಜಮ್ಮ ನಿಂತಿದ್ದರು. ಐವತ್ತರ ಆಸುಪಾಸು, ಸೀರೆಯ ಮೇಲೆ ಕಂಪನಿಯ ಹಳದಿ ಜಾಕೀಟು. ನಾನು ಮೈಸೂರಿನವಳೆಂದು ನಸೀಮಾ ಹೇಳಿದ ಕೂಡಲೇ, "ನೋಡ್ರೀ ಅಕ್ಕಾರೆ, ನಮ್ಮ ಮರ್ಯಾದೆ ಹೆಂಗೆ ತುಂಬ್ಕಂಡು ನಿಂತೈತಿ" ಎಂದರು.

ನಡೆದದ್ದು ಇಷ್ಟು. ಮುಂಗಾರು ಒಂದೆರಡು ಮಳೆ ಸುರಿದು ಕೈಕೊಟ್ಟಿತು. ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ, ಭತ್ತದ ಸಸಿಮಡಿ ಒಣಗುತ್ತಿತ್ತು. ಆಗ ಒಂದು ಮಳೆ ಬಂದು ರೈಲಿನ ಚರಂಡಿಯಲ್ಲಿ ನೀರು ಬೊಳಬೊಳ ಹರಿಯಿತು. ಕಾಲುವೆಯ ಕೊನೆಯಲ್ಲಿ ಬದುಕುವವರು ಹರಿದುಹೋಗುವ ನೀರನ್ನು ಸುಮ್ಮನೆ ನೋಡುತ್ತ ನಿಲ್ಲುತ್ತಾರೆಯೇ? ಸಂಘದ ಹೆಂಗಸರು ಗೋಣಿಚೀಲಕ್ಕೆ ಮಣ್ಣು ತುಂಬಿ ಚರಂಡಿಗೆ ಅಡ್ಡ ಇಟ್ಟು, ನೀರನ್ನು ಸಸಿಮಡಿಗೆ ತಿರುಗಿಸಿದರು. ಸಸಿ ಹಸಿರಾಯಿತು. ಅದರ ಬೆನ್ನಿಗೇ ಇನ್ನೊಂದು ಜೋರು ಮಳೆ. ಹೋಗಲು ದಾರಿಯಿಲ್ಲದ ನೀರು ಹಿಂದಕ್ಕೆ ಸರಿದು ಕೆಳದಾರಿಯನ್ನು ತುಂಬಿತು, ಏರಿಯ ಬುಡದಲ್ಲಿ ಗಾಡಿಯಷ್ಟು ಮಣ್ಣು ಜಾರಿತು.

"ಯಾರೂ ಬೇಕಂತ ಮಾಡಿದ್ದಲ್ರೀ. ಹರಿಯೋ ನೀರು ಕಂಡ್ರೆ ಅಡ್ಡ ಕಟ್ಟೋದು ನಮ್ಮ ಕೈಗೇ ರೂಢಿ ಆಗೈತಿ. ಈ ಚರಂಡಿ ಇರೋದೇ ನೀರು ಓಡಿಸಕ್ಕೆ ಅನ್ನೋದು ತಲೆಗೆ ಹೊಳೀಲೇ ಇಲ್ಲ" ಎಂದರು ಗಿರಿಜಮ್ಮ.

"ಚೀಲ ತೆಗೆದಿಲ್ಲವೇ?" ಎಂದೆ.

"ಅವತ್ತೇ ತೆಗೆದ್ವಿ. ಆದ್ರೂ ನೀರು ಇಳೀವಲ್ದು."

ಬೇಲಿಯ ಪಕ್ಕದಲ್ಲೇ ನಡೆದು ತೋರಿಸಿದರು. ಬೇಲಿಯೊಳಗಿನ ಸಿಮೆಂಟು ಚರಂಡಿ ಚೊಕ್ಕಟವಾಗಿತ್ತು. ಬೇಲಿ ದಾಟಿದ ಮೇಲೆ ಹಳ್ಳಕ್ಕೆ ಸೇರುವವರೆಗಿನ ಒಂದು ತುಂಡು ಮಾತ್ರ ಜೊಂಡು, ಹೂಳು ತುಂಬಿ ಮುಚ್ಚಿಹೋಗಿತ್ತು. ಇದು ಯಾರದು ಎಂದು ಕೇಳಿದೆ. ಗಿರಿಜಮ್ಮ ಕೈ ತಿರುಗಿಸಿ ಆಕಾಶ ತೋರಿಸಿದರು. ನಮ್ಮ ಕಾರಂಜಿ ಇಲ್ಲಿಗೂ ಬಂದು ಸೇರಿತಲ್ಲ ಎಂದುಕೊಂಡೆ.

ಮಧ್ಯಾಹ್ನ ಕಂಪನಿಯ ಜೀಪಿನಲ್ಲಿ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೊರಟೆವು. ಮೆಕ್ಕೆಜೋಳ ಹಿಂದೆ ಸರಿದು ಶುಂಠಿಯ ಮಡಿಗಳು, ಕೆರೆಗಳು, ದಟ್ಟ ಹಸಿರು ಬಂದವು. ಮಳೆಯೂ ಜೋರಾಯಿತು. ಗಿರಿಜಮ್ಮ ದಾರಿಯುದ್ದಕ್ಕೂ ಹಳದಿ ಜಾಕೀಟನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ವಾಪಸು ಕೊಡಬೇಕಾಗಿ ಬಂದರೆ ಎಂದು ಮಡಚಿಕೊಂಡಿದ್ದಾರೆ ಎಂಬುದು ನನಗೆ ತಡವಾಗಿ ಅರ್ಥವಾಯಿತು.

ಕಂಪನಿಯ ಕಚೇರಿ ಸೊರಬದ ಬಾಡಿಗೆ ಮನೆಯೊಂದರಲ್ಲಿತ್ತು. ಕಂಪನಿಯ ಎಂಜಿನಿಯರ್ ಬಸವರಾಜ, ಬಾಗಲಕೋಟೆ ಕಡೆಯವರು, ಮೂವತ್ತೈದು ದಾಟಿರಲಾರದು. ರೈಲ್ವೆ ಕಡೆಯಿಂದ ಬಂದಿದ್ದವರು ಮೂರ್ತಿ ಎಂಬ ಹಿರಿಯ ಅಧಿಕಾರಿ. ಚಹಾ ಕೊಟ್ಟ ಮನೆಯೊಡತಿ, "ಈ ಮಳೆಗೆ ಮೀಟಿಂಗ್ ಎಂತದು ಮಾರಾಯ್ತಿ, ಅವಲಕ್ಕಿ ತಿಂದು ಕೂತ್ಕಳಿ" ಎಂದು ನನ್ನನ್ನೂ ಒಳಗೆ ಕೂರಿಸಿದರು.

ಒಪ್ಪಂದ ಹೇಗಿದೆ ಎಂದು ಬಸವರಾಜರನ್ನೇ ಕೇಳಿದೆ. "ಜಾಗ ಸರ್ಕಾರದ್ದು, ಹಳಿ ಸರ್ಕಾರದ್ದು. ಕಟ್ಟೂದು, ಕಟ್ಟಿದ ಮ್ಯಾಲ ವರ್ಷಗಟ್ಟಲೆ ನೋಡ್ಕೊಳ್ಳೂದು ನಮ್ದು. ಸಾದಾ ಗಾಡಿಗೆ ಹಳಿ ಒಂಚೂರು ಕುಸಿದ್ರೂ ನಡೀತದ. ಈ ಗಾಡಿಗೆ ಬೆರಳಗಲ ಕುಸಿದ್ರೂ ಸ್ಪೀಡ್ ಇಳಿಸಬೇಕು. ಸ್ಪೀಡ್ ಇಳೀತಂದ್ರ ನಮಗ ಬರೂ ರೊಕ್ಕಾನೂ ಇಳೀತದ" ಎಂದರು. ಕಟ್ಟಿದವನು ಕಟ್ಟಿ ಮರೆತುಹೋಗಲು ಬಿಡದ ಒಪ್ಪಂದ! ನಮ್ಮ ಕಾರಂಜಿಗೂ ಇಂಥದ್ದೊಂದು ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಮೀಟಿಂಗು ಶುರುವಾಯಿತು, ಶುರುವಾದಲ್ಲೇ ನಿಂತಿತು. ಚೀಲ ಇಟ್ಟದ್ದು ತಪ್ಪು ಎಂದು ಗಿರಿಜಮ್ಮ ಎದ್ದು ನಿಂತು ಒಪ್ಪಿಕೊಂಡರು. ಮೇಲಿನವರು ಈ ಕೆಲಸವನ್ನು ಯಂತ್ರವಿರುವ ಹೊರಗಿನ ಗುತ್ತಿಗೆದಾರನಿಗೆ ಕೊಡಲು ಹೇಳುತ್ತಿದ್ದಾರೆ ಎಂದು ಬಸವರಾಜ ತಲೆ ತಗ್ಗಿಸಿಕೊಂಡೇ ಹೇಳಿದರು.

"ಯಂತ್ರ ತಂದ್ರೆ ಆ ಮುಚ್ಚಿರೋ ತುಂಡು ತೆಗೀತಾರೇನ್ರೀ?" ಎಂದು ನಸೀಮಾ ಕೇಳಿದಳು.

"ಇಲ್ರೀ. ನಮ್ಮ ಒಪ್ಪಂದ ಬೇಲಿತನಕ ಅದ."

"ಬೇಲಿಯಿಂದಾಚೆಗಿನ ಜಾಗ ರೈಲ್ವೆಗೂ ಸೇರಿಲ್ಲ ನೋಡಿ" ಎಂದರು ಮೂರ್ತಿ.

ಹೊರಗೆ ಮಳೆಗೆ ಮಾತ್ರ ಯಾವ ಗಡಿಯೂ ಇರಲಿಲ್ಲ. ಬಸವರಾಜ ತಲೆಯೆತ್ತಿ, "ಅಮ್ಮಾರ, ನಿಮ್ಮ ಕಾಲುವಿ ಎಷ್ಟೋ ವರ್ಷದಿಂದ ಹರೀತದಲ್ಲ. ಅದನ್ನ ಯಾರು ತೆಗೀತೀರಿ?" ಎಂದು ಕೇಳಿದರು.

"ನೀರು ಬಿಡೋ ಮುಂಚೆ ಮನೆಗೊಬ್ರು ಗುದ್ದಲಿ ಹಿಡ್ಕಂಡು ಬರ್ತೀವಿ" ಎಂದರು ಗಿರಿಜಮ್ಮ. "ಆದ್ರೆ ಅವರವರ ಹೊಲದ ಮುಂದೆ ಅವರೇ ತೆಗೆಯಂಗಿಲ್ಲ. ಮೊದಲು ನೀರು ಸಿಗೋ ಮನೆಯೋರು ಕಟ್ಟಕಡೇ ತುಂಡು ತೆಗೀಬೇಕು. ಕಡೆಯೋರು ಮೇಲಿಂದು ತೆಗೀತೀವಿ. ನೀರು ಕೊನೇಗೆ ಎಲ್ಲಿಗೆ ಹೋಗ್ತೈತಿ, ಹೋಗ್ತೈತೋ ಇಲ್ಲೋ ಅನ್ನೋದು ಮೊದಲ ಮನೆಯೋರ ಕಣ್ಣಿಗೂ ಬೀಳಲಿ ಅಂತ."

ಬಸವರಾಜ ಇದನ್ನು ಕೇಳಿ ಚಹಾದ ಲೋಟ ಕೆಳಗಿಟ್ಟರು. ಆಮೇಲೆ ನಗು ಬಂತು. "ಹಂಗಾದ್ರ ಈ ಚರಂಡಿಗೆ ಮೊದಲನೇ ಮನಿ ಯಾವುದ್ರೀ?"

ಗಿರಿಜಮ್ಮ ಒಮ್ಮೆ ಮೂರ್ತಿಯವರನ್ನು, ಒಮ್ಮೆ ಬಸವರಾಜರನ್ನು ನೋಡಿದರು ಅಷ್ಟೆ. ನೀರು ಹೊರಡುವುದೇ ಇವರಿಬ್ಬರ ಏರಿಯಿಂದ. ನಸೀಮಾ ಮೊದಲು ನಕ್ಕಳು, ಆಮೇಲೆ ಎಲ್ಲರೂ ನಕ್ಕರು.

"ನಾಳೆ ನಾನೂ ಬರ್ತೀನಿ" ಎಂದರು ಮೂರ್ತಿ. "ಗುದ್ದಲಿ ನೀವೇ ಕೊಡಬೇಕು."

ಬಸವರಾಜ ಮಾತ್ರ ಗಂಭೀರವಾಗಿ ಹೇಳಿದರು: "ನೀರು ಇಳೀತಂದ್ರ ನಿಮ್ಮ ಕೆಲಸ ನಿಮಗ ಇರ್ಲಿ ಅಂತ ಮೇಲಿನವರಿಗೆ ನಾ ಹೇಳ್ತೀನಿ, ಒಪ್ಪಿಸ್ತೀನಿ. ಇಳೀಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ."

ಆ ರಾತ್ರಿ ಸೊರಬದಲ್ಲೇ ಉಳಿದೆವು. ಹತ್ತಿರದ ಗುಡವಿ ಪಕ್ಷಿಧಾಮದ ಹಕ್ಕಿಗಳನ್ನು ನೋಡಿಕೊಂಡು ಹೋಗೋಣವೆಂದು ನಾನು ಬೆಳಿಗ್ಗೆ ಆಸೆಪಟ್ಟೆ. "ಹಕ್ಕಿ ಎಲ್ಲಿಗೂ ಹೋಗಲ್ಲ, ನಡಿಯೇ" ಎಂದು ನಸೀಮಾ ಜೀಪು ಹತ್ತಿಸಿದಳು. ಹಕ್ಕಿಗಳು ವಲಸೆ ಹೋಗುತ್ತವೆ ಎಂದು ಹೇಳುವಷ್ಟರಲ್ಲಿ ಜೀಪು ಹೊರಟಿತ್ತು.

ಹಳ್ಳಿಯಲ್ಲಿ ಸಂಘದ ಹೆಂಗಸರು ಆಗಲೇ ಸೇರಿದ್ದರು. ಮೂರ್ತಿಯವರು ಪ್ಯಾಂಟು ಮಡಚಿ, ಬೂಟು ಬಿಚ್ಚಿ ಹೂಳಿಗಿಳಿದರು. ಬಸವರಾಜರ ಕೈಗೆ ಗುದ್ದಲಿ ಚೆನ್ನಾಗಿ ಕೂತಿತ್ತು, ರೈತರ ಮನೆಯವರೆಂದು ಮೊದಲ ಏಟಿಗೇ ಗೊತ್ತಾಯಿತು. ಅವರಿಬ್ಬರೂ ಹಳ್ಳದ ಕಡೆಯ ತುದಿಯಲ್ಲಿ, ಹೆಂಗಸರು ಬೇಲಿಯ ಬುಡದಲ್ಲಿ. ನಾನೂ ಜೊಂಡು ಎಳೆದೆ. ಮೈಸೂರಿನವಳ ಕೆಲಸ ನೋಡಿ ಹೆಂಗಸರಿಗೆ ಪುಕ್ಕಟೆ ಮನರಂಜನೆ. ಬಸವರಾಜ ಹಳ್ಳದ ಮೇಲುಗಡೆ ತಗ್ಗೊಂದನ್ನು ತೋರಿಸಿ, "ಇಲ್ಲೊಂದು ಹೊಂಡ ತೆಗಿಯೂಣು. ಚರಂಡಿ ನೀರು ಇಲ್ಲಿ ನಿಲ್ಲಲಿ, ನಿಮ್ಮ ಸಸಿಗೆ ಇಲ್ಲಿಂದ ತಗೋರಿ. ಚರಂಡಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ" ಎಂದರು. ಚರಂಡಿಯಿಂದ ತೆಗೆದ ಆ ಗೋಣಿಚೀಲಗಳನ್ನೇ ಜಾರಿದ ಏರಿಯ ಬುಡಕ್ಕೆ ಸಾಲಾಗಿ ಒಟ್ಟಿದರು.

ಹೊತ್ತು ನೆತ್ತಿಗೆ ಬರುವ ಮೊದಲೇ ನೀರು ಅಲುಗಿತು. ಮೊದಲು ಒಂದು ಎಲೆ ಹೊರಟಿತು, ಹಿಂದೆಯೇ ನೊರೆ, ಆಮೇಲೆ ಗುಳುಗುಳು ಎಂದು ಕೆಂಪು ನೀರು ಹಳ್ಳಕ್ಕೆ ಧುಮುಕಿತು. ಹೆಂಗಸರು ಕೂಗಿದ ಕೂಗಿಗೆ ಮೂರ್ತಿಯವರು ಕಾಲು ಜಾರಿ ಕೂತೇಬಿಟ್ಟರು. ಬಸವರಾಜ ಕೆಸರು ಕೈಯಲ್ಲೇ ಫೋನು ಹಚ್ಚಿ, "ಸರ, ನೀರು ಇಳೀಲಿಕ್ಕತ್ತದ. ಕೆಲಸ ಈ ಸಂಘದವರ ಹತ್ರಾನ ಇರ್ಲಿ. ಹೌದ್ರೀ, ಜವಾಬ್ದಾರಿ ನಂದು" ಎಂದರು. ಗಿರಿಜಮ್ಮ ಮಡಚಿಟ್ಟಿದ್ದ ಜಾಕೀಟನ್ನು ಬಿಡಿಸಿ ಹಾಕಿಕೊಂಡರು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ರೊಟ್ಟಿ, ಎಣ್ಣೆಗಾಯಿ ತಿನ್ನುತ್ತ ಕೂತಿದ್ದಾಗ ಏರಿಯ ಮೇಲೆ ಹಳಿ ಪರೀಕ್ಷಿಸುವ ಗಾಡಿ ಬಂತು. ರೈಲಲ್ಲ, ಪೆಟ್ಟಿಗೆಯಂಥದ್ದು. ಆದರೂ ಎಲ್ಲರೂ ರೊಟ್ಟಿ ಹಿಡಿದೇ ಎದ್ದು ತಲೆಯೆತ್ತಿ ನೋಡಿದೆವು. ಗಿರಿಜಮ್ಮ ಒಬ್ಬರೇ ಬಗ್ಗಿ ಚರಂಡಿ ನೋಡುತ್ತಿದ್ದರು.

"ರೈಲು ಬಂದ ಮೇಲೆ ಅದರೊಳಗಿಂದ ನಮ್ಮ ಚರಂಡಿ ಕಾಣ್ತೈತೇನ್ರೀ ಸಾಹೇಬ್ರೆ?" ಎಂದು ಕೇಳಿದರು.

"ಆ ಸ್ಪೀಡಿನ್ಯಾಗ ಏನೂ ಕಾಣಂಗಿಲ್ರೀ ಅಮ್ಮಾರ" ಎಂದರು ಬಸವರಾಜ. ಗಿರಿಜಮ್ಮನ ಮುಖ ಸ್ವಲ್ಪ ಬಾಡಿದ್ದನ್ನು ನಾನು ನೋಡಿದೆ.

ನಾನು ಆನಂದಪುರದ ಬಸ್ಸು ಹಿಡಿದೆ, ಅಲ್ಲಿಂದ ಮೈಸೂರಿನ ರೈಲು. ಈ ಸಲ ಬಂದದ್ದು ಸರ್ಕಾರಿ ಬಸ್ಸು, ಟಿಕೆಟ್ಟಿಗೆ ದುಡ್ಡಿರಲಿಲ್ಲ. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಏರಿಯ ಬುಡದಲ್ಲಿ ಗೋಣಿಚೀಲದ ಸಾಲು, ನೀರಿಳಿದ ಕೆಳದಾರಿಯಲ್ಲಿ ಒಂದು ಟ್ರ್ಯಾಕ್ಟರು, ಚರಂಡಿಯ ಪಕ್ಕ ಒಂದು ಹಳದಿ ಚುಕ್ಕೆ. ಗಿರಿಜಮ್ಮನ ಪ್ರಶ್ನೆಗೆ ಹೇಳಬೇಕಾಗಿದ್ದ ಉತ್ತರ ನನಗೆ ಆಗ ಹೊಳೆಯಿತು. ಆ ರೈಲಿನಲ್ಲಿ ನಾನು ಬಂದೇ ಬರುತ್ತೇನೆ, ಕಿಟಕಿ ಪಕ್ಕವೇ ಕೂರುತ್ತೇನೆ. ರೈಲು ಸ್ಪೀಡ್ ಇಳಿಸದೆ ಓಡಿ ನಿಮ್ಮ ಚರಂಡಿ ನನಗೆ ಕಾಣಿಸದೆ ಹೋದರೆ, ಗಿರಿಜಮ್ಮ, ನೀವು ಅದನ್ನು ಚೆನ್ನಾಗಿ ನೋಡಿಕೊಂಡಿದ್ದೀರಿ ಎಂದು ತಿಳಿದುಕೊಳ್ಳುತ್ತೇನೆ.