ಹಲ್ಲಿನ ಆದೆಪ್ಪ ಅಳಿಸಿದ ಸಾಲು

ಆದೋನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಆದೆಪ್ಪನದು ಒಂದೇ ಕೋಣೆ. ಬಾಗಿಲ ಮೇಲೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬೋರ್ಡು: ಹಲ್ಲು ಕೀಳಲಾಗುವುದು, ಕಟ್ಟಲಾಗುವುದು. ಅದರ ಕೆಳಗೆ ಕೆಂಪು ಬಣ್ಣದಲ್ಲಿ ಇನ್ನೊಂದು ಸಾಲು: ಎಂಥ ಕಲೆಯ ಹಲ್ಲಾದರೂ ಬಿಳಿ ಮಾಡಲಾಗುವುದು.

ಆದೆಪ್ಪ ಡಾಕ್ಟರನಲ್ಲ. ಲಡಾಯಿ ಕಾಲದಲ್ಲಿ ಪಟಾಲಮ್ಮು ಸೇರಿ, ಅಲ್ಲಿ ಸೈನಿಕರ ಹಲ್ಲಿನ ಡಾಕ್ಟರರ ಕೈಕೆಳಗೆ ನಾಲ್ಕು ವರ್ಷ ಚಿಮಟ ಕುದಿಸಿದವನು. ಅಲ್ಲಿ ಕಣ್ಣಿಂದ ಕದ್ದ ವಿದ್ಯೆಯನ್ನು ಇಲ್ಲಿ ಕೈಯಿಂದ ಮಾರುತ್ತಿದ್ದ. ಕ್ಷೌರದಂಗಡಿಯಿಂದ ತಂದ ಹಳೇ ಕುರ್ಚಿ, ಒಂದು ಸ್ಟೌವು, ಗೂಡಿನಲ್ಲಿ ಕಂದು ಸೀಸೆಗಳು. ಅವನಿಗೆ ಬೇರೆ ಜಾಹೀರಾತು ಬೇಕಿರಲಿಲ್ಲ, ಬಾಯಿ ತೆರೆದರೆ ಸಾಕಿತ್ತು. ಮೇಲಿನ ಸಾಲು ಹಲ್ಲು ಹಾಲಿನಲ್ಲಿ ತೊಳೆದ ಹಾಗೆ. 'ಅವನ ಹಲ್ಲು ನೋಡಿಯೇ ನಂಬಿದ್ವಿ' ಎಂದು ಹೇಳದ ಗಿರಾಕಿ ಇಲ್ಲ. ಹಲ್ಲು ಅಷ್ಟು ಚೆಂದ ಇದ್ದವನು ಮನಸಾರೆ ನಕ್ಕದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ತುಟಿ ಬಿಗಿಹಿಡಿದೇ ಮಾತಾಡುತ್ತಿದ್ದ. ಪಟಾಲಮ್ಮಿನ ಶಿಸ್ತು ಅಂದುಕೊಂಡಿದ್ದೆವು.

ಐವತ್ತೇಳನೇ ಇಸವಿಯ ಬೇಸಿಗೆಯ ಆರಂಭದಲ್ಲಿ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಎಂಟು ಹೆಂಗಸರನ್ನು ಒಂದೇ ಬೆಳಿಗ್ಗೆ ಹೊರಗೆ ಹಾಕಿದರು. ಎಂಟೂ ಮಂದಿ ನಂದವರಂ ಕಡೆಯ ಒಂದೇ ಪಾಳ್ಯದವರು. ಸುಗ್ಗಿಗೆ ಬಂದು ರೈಲು ಗೇಟಿನ ಹತ್ತಿರ ಜೋಪಡಿ ಹಾಕಿಕೊಂಡು ಹತ್ತಿ ಆರಿಸುತ್ತಿದ್ದರು. ಅವರು ಮಾಡಿದ ತಪ್ಪೆಂದರೆ, ಕೂಸುಗಳಿಗೆ ಹಾಲು ಕುಡಿಸಲು ಕಾಲು ಗಂಟೆ ಬಿಡಬೇಕು ಎಂದು ಗೇಟಿನ ಮುಂದೆ ಒಂದು ಹೊತ್ತು ಕೂತದ್ದು. ಅದಕ್ಕೆ ಕೆಲಸದಿಂದ ತೆಗೆಯಲು ಕಾನೂನು ಇಲ್ಲ. ಮ್ಯಾನೇಜರ್ ಬೇರೆ ದಾರಿ ಹುಡುಕಿದ. ತಂಬಾಕು ಜಗಿಯುವವರು ಹತ್ತಿಯ ಮೇಲೆ ಉಗುಳಿ ಮಾಲು ಕೆಡಿಸುತ್ತಾರೆ, ಅಂಥವರನ್ನು ನೋಟೀಸಿಲ್ಲದೆ ತೆಗೆಯಬಹುದು ಎಂದು ಮಿಲ್ಲಿನ ನಿಯಮದಲ್ಲಿತ್ತು. ಎಂಟೂ ಮಂದಿಯನ್ನು ಸಾಲಾಗಿ ನಿಲ್ಲಿಸಿ, ಎತ್ತಿನ ಸಂತೆಯಲ್ಲಿ ನೋಡುವ ಹಾಗೆ ಬಾಯಿ ತೆಗೆಸಿದ. ಎಲ್ಲರ ಹಲ್ಲೂ ಕಂದು. ತಂಬಾಕು ಎಂದು ಬರೆದು ಹೊರಗೆ ಹಾಕಿದ.

ಆ ಪಾಳ್ಯದಲ್ಲಿ ಹುಟ್ಟಿದವರ ಹಲ್ಲೆಲ್ಲ ಹಾಗೆಯೇ. ಅಲ್ಲಿನ ಬಾವಿ ನೀರಿನ ಗುಣ. ಆದರೆ ಕರ್ನೂಲಿನಿಂದ ಬಂದ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರಿಗೆ ಅದು ಬಾಯಿಮಾತು. ಯೂನಿಯನ್ ಪರವಾಗಿ ನಾನು ಹೋಗಿದ್ದೆ. "ಶುಕ್ರವಾರದೊಳಗೆ ರುಜುವಾತು ತನ್ನಿ, ಇಲ್ಲದಿದ್ದರೆ ಫೈಲು ಮುಚ್ಚುತ್ತೇನೆ" ಎಂದರು. ಅದು ಶನಿವಾರ.

ನಾನು ನೇರ ಆದೆಪ್ಪನ ಕೋಣೆಗೆ ಹೋದೆ.

"ತಂಬಾಕಿನ ಕಲೆ ಹಲ್ಲಿನ ಮ್ಯಾಲೆ ಕೂತಿರ್ತೈತಿ" ಎಂದ ಆದೆಪ್ಪ. "ನೀರಿನ ಕಲೆ ಹಲ್ಲಿನ ಜೊತಿಗೇ ಹುಟ್ಟಿರ್ತೈತಿ. ನನ್ನ ಔಷಧ ಮ್ಯಾಲಿಂದು ತಿಂತೈತಿ. ಒಳಗಿಂದಕ್ಕ ಅದು ನಾಟಂಗಿಲ್ಲ."

"ಅಷ್ಟನ್ನೇ ಇನ್‌ಸ್ಪೆಕ್ಟರ್ ಮುಂದ ಮಾಡಿ ತೋರಿಸು. ಒಬ್ಬ ತಂಬಾಕಿನವ, ಒಬ್ಬಾಕಿ ಪಾಳ್ಯದಾಕಿ. ಅವನದು ಬಿಳಿ ಆಗ್ಲಿ, ಆಕಿದು ಹಂಗೇ ಉಳೀಲಿ. ಮುಗೀತು."

"ಅಂದ್ರ ನಾಕು ಮಂದಿ ಮುಂದ ನನ್ನ ಔಷಧ ನಡಿಯಂಗಿಲ್ಲಂತ ತೋರಿಸ್ಬೇಕು. ಹೊರಗ ಏನು ಬೋರ್ಡು ಹಾಕೀನಿ, ಓದೀಯಿಲ್ಲೋ?"

"ಓದೀನಿ. ಸುಳ್ಳು ಬರ್ದಿ."

"ಎದ್ದು ಹೋಗು" ಎಂದ.

ನಾನು ಎದ್ದೆ. ಆದರೆ ನನ್ನ ಹಿಂದೆ ಉರುಕುಂದಮ್ಮ ಕೂಸನ್ನು ಸೊಂಟದ ಮೇಲೆ ಕೂಡಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಂಟು ಮಂದಿಯಲ್ಲಿ ಗಂಡನಿಲ್ಲದವಳು ಆಕೆ ಒಬ್ಬಳೇ. ಇನ್ನು ಎರಡು ತಿಂಗಳ ಕೆಲಸ ತಪ್ಪಿದರೆ ಆಕೆಯ ವರ್ಷದ ಜೋಳ ತಪ್ಪಿದ ಹಾಗೆ.

"ಯಣ್ಣಾ, ನಾ ತಂಬಾಕು ತಿಂದಾಕಿ ಅಲ್ಲ. ನೀನರ ನೋಡು" ಎಂದು ಬಾಯಿ ತೆರೆದಳು.

ಆದೆಪ್ಪ ಒಲ್ಲದ ಮನಸ್ಸಿನಿಂದಲೇ ನೋಡಿದ. ಆಮೇಲೆ ಬೆಳಕಿಗೆ ತಿರುಗಿಸಿ ನೋಡಿದ. ಕಂದು ಪಟ್ಟೆ, ನಡುನಡುವೆ ಸುಣ್ಣದಂಥ ಬಿಳಿ ಗೆರೆ.

"ಯಾವ ಬಾವಿ ನೀರು?"

"ಹನುಮಪ್ಪನ ಗುಡಿ ಹಿಂದಿನ ಮೆಟ್ಟಲ ಬಾವಿದು."

ಆದೆಪ್ಪ ಆಕೆಯ ಗದ್ದ ಬಿಟ್ಟು, ಗೂಡಿನ ಸೀಸೆಗಳ ಕಡೆ ತಿರುಗಿದ. "ಸೋಮವಾರ ಬಾ. ಅಲ್ಲೀ ತನಕ ಚಾ, ಎಲಿ ಅಡಿಕಿ, ಹುಣಸಿಹುಳಿ ಮುಟ್ಟಬ್ಯಾಡ" ಎಂದ. ನನ್ನ ಕಡೆ ನೋಡದೆ, "ತಂಬಾಕಿನವನ್ನ ನೀ ಕರ್ಕೊಂಡ್ ಬಾ" ಎಂದ.

ತಂಬಾಕಿನವನಿಗೇನು ಬರ? ಹಮಾಲಿ ಸುಂಕಣ್ಣ ಇದ್ದ. ಹೊಳೆದಂಡೆಯ ನಾಗಲದಿನ್ನೆಯವನು, ಹುಟ್ಟಿನಿಂದ ತುಂಗಭದ್ರೆ ನೀರು ಕುಡಿದವನು, ಮೂವತ್ತು ವರ್ಷದಿಂದ ತಂಬಾಕನ್ನು ಗಲ್ಲದಿಂದ ಇಳಿಸದವನು. ಬಾಯಿ ಒಲೆಯ ಹಾಗಿತ್ತು.

"ಮೂವತ್ತು ವರ್ಷದ ದುಡಿಮಿ ಇದು. ಒಂದಿನದಾಗ ತೊಳಿತೀರೇನು?" ಎಂದು ಕುರ್ಚಿ ಹತ್ತಿದ.

ಸೋಮವಾರ ಅವನಿಗೆ ಔಷಧ ಹಚ್ಚಿ ಅರ್ಧ ಗಂಟೆ ಕೂಡಿಸಿದರೂ ಕಪ್ಪು ಹೋಗಿ ಕಂದು ಬಂತು, ಅಷ್ಟೇ. ಉರುಕುಂದಮ್ಮನದೂ ಕಂದು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಅಣ್ಣತಂಗಿ. ಮ್ಯಾನೇಜರನಿಗೆ ನಾವೇ ಸಾಕ್ಷಿ ಹೊಲಿದು ಕೊಟ್ಟ ಹಾಗಾಯಿತು.

"ಇದೇನೋ ನಿನ್ನ ಔಷಧ? ಬರೇ ನೀರು!" ಎಂದೆ.

ಆ ಮಾತು ಅವನಿಗೆ ಎಲ್ಲಿಯೋ ತಾಗಿತು. ಎದ್ದು ಆಲೂಗಡ್ಡೆ ಕೊಯ್ದು ಅದರ ಮೇಲೆ ಸೀಸೆಯಿಂದ ನಾಲ್ಕು ಹನಿ ಬಿಟ್ಟ. ಅವನ ಔಷಧ ಎಂದರೆ ಪೆರಾಕ್ಸೈಡು; ಅದಕ್ಕೆ ಜೀವ ಇದ್ದರೆ ಹಸಿ ಗಡ್ಡೆಯ ಮೇಲೆ ಬುರುಬುರು ನೊರೆ ಏಳಬೇಕು. ನಾಲ್ಕು ಗುಳ್ಳೆ ಎದ್ದು ಸತ್ತವು.

"ನಮ್ಮೂರ ಬಿಸಿಲಿಗೆ ಸತ್ತೈತಿ" ಎಂದ. "ಎಷ್ಟು ದಿನದಿಂದ ಮಂದಿ ಬಾಯಿಗೆ ನೀರು ಹಚ್ಚಾಕತ್ತೀನೋ!"

ಮರುದಿನ ನಾನು ಗುಂತಕಲ್ಲಿಗೆ ರೈಲು ಹತ್ತಿದೆ. ಹೊಸ ಸೀಸೆಗೆ ಒದ್ದೆ ಬಟ್ಟೆ ಸುತ್ತಿ ತಂದೆ. ಆದೆಪ್ಪ ಅದನ್ನು ಒದ್ದೆ ಮರಳು ತುಂಬಿದ ಮಡಿಕೆಯಲ್ಲಿ ಹೂತಿಟ್ಟ. ಬುಧವಾರ ಸುಂಕಣ್ಣನ ಹಲ್ಲಿನ ಮೇಲೆ ವರ್ಷಗಟ್ಟಲೆ ಕಟ್ಟಿದ್ದ ಗಾರೆಯಂಥ ಕೊಳೆಯನ್ನೆಲ್ಲ ಮೊದಲು ಕೆರೆದು ತೆಗೆದ. ಗಾರೆಯ ಮೇಲೆ ಔಷಧ ಹಚ್ಚಿದರೆ ಗಾರೆಗೆ ಸ್ನಾನ ಮಾಡಿಸಿದ ಹಾಗೆ ಎಂದು ತನ್ನನ್ನೇ ಬೈದುಕೊಂಡ. ಉಗುಳು ಔಷಧವನ್ನು ತೆಳ್ಳಗೆ ಮಾಡುತ್ತದೆ ಎಂದು ಗಲ್ಲದೊಳಗೆ ಹತ್ತಿಯ ಸುರುಳಿ ತುರುಕಿದ. ವಸಡಿಗೆ ವ್ಯಾಸಲೀನು ಸವರಿದ. ಹಲ್ಲನ್ನು ಒರೆಸಿ ಒಣಗಿಸಿ, ಅರಳೆಯನ್ನು ಔಷಧದಲ್ಲಿ ನೆನೆಸಿ ಹೊದಿಸಿದ. ಕುರ್ಚಿಯನ್ನು ಕಿಟಕಿಗೆ ತಿರುಗಿಸಿ, ಕ್ಷೌರದ ಕನ್ನಡಿ ಹಿಡಿದು ಬಿಸಿಲನ್ನು ನೇರ ಹಲ್ಲಿಗೆ ಬಿಟ್ಟ. ಶಾಖ ತಾಗಿದರೆ ಔಷಧ ಚುರುಕಾಗುತ್ತದೆ. ಅರಳೆ ಆರುವ ಮುಂಚೆ ಹೊಸದು, ಹೀಗೆ ನಾಲ್ಕು ಸಲ. ಪರೀಕ್ಷೆಗೆ ಕೆಳಗಿನ ಒಂದೇ ಹಲ್ಲು.

ಸುಂಕಣ್ಣ ಕನ್ನಡಿಯಲ್ಲಿ ನೋಡಿಕೊಂಡು ಹೌಹಾರಿದ. "ಇದು ನಂದಲ್ಲಪ್ಪೋ! ಯಾರದೋ ಹಚ್ಚೀರಿ!"

ಅದೇ ರೀತಿ ಉರುಕುಂದಮ್ಮನ ಕೆಳಗಿನ ಎರಡು ಹಲ್ಲಿಗೂ ಮಾಡಿದ. ಕಂದು ಕೂದಲೆಳೆಯಷ್ಟೂ ಕದಲಲಿಲ್ಲ. ಇಷ್ಟು ಬೇಕಿತ್ತು ನಮಗೆ.

ಶುಕ್ರವಾರ ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಬಂದರು. ಮ್ಯಾನೇಜರ್ ಬಿಳೀ ಪ್ಯಾಂಟು ಮುದುರದ ಹಾಗೆ ಬೆಂಚಿನ ತುದಿಯಲ್ಲಿ ಕೂತ. ಬೀದಿಯಲ್ಲಿ ಏಳು ಮಂದಿ ಹೆಂಗಸರು ಕೂಸುಗಳನ್ನು ಕಟ್ಟಿಕೊಂಡು ನಿಂತಿದ್ದರು. ಉರುಕುಂದಮ್ಮ ಕುರ್ಚಿಯಲ್ಲಿ ಕೂತಳು, ಸುಂಕಣ್ಣ ಪಕ್ಕದ ಸ್ಟೂಲಿನ ಮೇಲೆ.

"ನೋರು ತೆರುವಮ್ಮಾ" ಎಂದು ತೆಲುಗಿನಲ್ಲಿ ಹೇಳಿದರು ಇನ್‌ಸ್ಪೆಕ್ಟರ್.

ಬಾಯಿ ತೆರೆದಳು. ಬಗ್ಗಿದ ಆದೆಪ್ಪ ಹಾಗೆಯೇ ನಿಂತುಬಿಟ್ಟ. ನನಗೂ ತಂಬಾಕಿನ ಘಾಟು ಮೂಗಿಗೆ ಬಡಿಯಿತು. ನಸಿಪುಡಿ.

ಮ್ಯಾನೇಜರನಿಗೆ ನಮಗಿಂತ ಮೊದಲೇ ಬಡಿದಿತ್ತು. "ವಾಸನಿ ಬಂತೇನ್ರಿ ಸಾರ್? ತಂಬಾಕು! ನಿಮ್ಮ ಮುಂದ ಕೂತಾಗೂ ಬಿಟ್ಟಿಲ್ಲ ನೋಡ್ರಿ!"

ಆದೆಪ್ಪ ಮೆಲ್ಲಗೆ ಕೇಳಿದ, "ಏನು ಹಚ್ಚೀದಿ?"

"ನಸಿಪುಡಿ ತಿಕ್ಕೀನ್ರೀ" ಎಂದಳು ಆಕೆ, ಮುಚ್ಚಿಡದೆ. "ನೀವು ಔಷಧ ಹಾಕಿದ ಮ್ಯಾಲೆ ಗಾಳಿ ತಾಗಿದ್ರ ಹಲ್ಲು ಜುಮ್ ಅನ್ನಾಕತ್ತಿದ್ವು. ರೊಟ್ಟಿ ಕಡಿಯಾಕ ಬರವಲ್ದು. ಬಾಜು ಜೋಪಡಿಯ ಲಿಂಗಕ್ಕ ಕೊಟ್ಳು, ಹಲ್ಲುನೋವಿಗೆ ಅದಾ ಮದ್ದು ಅಂತ. ನೀವು ಚಾ ಬ್ಯಾಡಂದ್ರಿ, ಬಿಟ್ಟೆ. ಎಲಿ ಅಡಿಕಿ ಬ್ಯಾಡಂದ್ರಿ, ಬಿಟ್ಟೆ. ನಸಿಪುಡಿ ಬ್ಯಾಡಂತ ಹೇಳಲಿಲ್ಲಲ್ರೀ?"

ಹೇಳಿರಲಿಲ್ಲ. ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಕಡೆ ಹಲ್ಲು ನೋಯುವ ಹೆಂಗಸಿಗೆ ನಸಿಪುಡಿ ಎಂದರೆ ಲವಂಗದ ಸಾಲಿನ ಮದ್ದು. ಅದು ತಂಬಾಕೆಂದು ಯಾರ ತಲೆಗೂ ಹೊಳೆಯುವುದಿಲ್ಲ, ಮ್ಯಾನೇಜರನ ತಲೆಯೊಂದನ್ನು ಬಿಟ್ಟು.

"ಕೇಸು ಮುಗೀತಲ್ರೀ ಸಾರ್" ಎಂದು ಅವನು ಎದ್ದ. ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು.

"ಕೂತ್ಕೋರಿ" ಎಂದ ಆದೆಪ್ಪ. "ನನ್ನ ಕೋಣೆ ಇದು. ಕೆಲಸ ಮುಗಿಯೋದು ನನ್ನ ಕೈಯಾಗ."

ಅಂದು ಅವನು ಅರ್ಧ ಬಾಯಿ ಮಾತ್ರ ಮಾಡಿದ. ಇಬ್ಬರಿಗೂ ಎಡಗಡೆ ಮಾತ್ರ. ಬಲಗಡೆ ಇದ್ದ ಹಾಗೇ ಬಿಟ್ಟ. ಹತ್ತಿ ತುರುಕಿ, ಒಣಗಿಸಿ, ಅರಳೆ ಹೊದಿಸಿ, ಸರದಿಯಂತೆ ಇಬ್ಬರಿಗೂ ಕನ್ನಡಿ ಹಿಡಿದ. ಒಂದೂವರೆ ಗಂಟೆ ಹಿಡಿಯಿತು. ಕನ್ನಡಿಯ ಕೈ ಬದಲಿಸಿದಾಗಲೆಲ್ಲ ಬಿಸಿಲು ಉರುಕುಂದಮ್ಮನ ಕಣ್ಣಿಗೆ ಹೋಗುತ್ತಿತ್ತು. ಆಕೆ ಕಣ್ಣು ಮುಚ್ಚಿ, ಕುರ್ಚಿಯ ಕೈ ಬಿಗಿಹಿಡಿದು ಕೂತಿದ್ದಳು. ಹೊರಗೆ ಒಂದು ಕೂಸು ಅತ್ತೇ ಅತ್ತಿತು.

ಅರಳೆ ತೆಗೆದ. ಮೊದಲು ಸುಂಕಣ್ಣ. ಎಡಗಡೆ ಸೋರೆಬೀಜದ ಬಿಳುಪು, ಬಲಗಡೆ ಹಳೇ ತಂಬಾಕಿನ ಕಂದು. ಇನ್‌ಸ್ಪೆಕ್ಟರ್ ಬಾಯೊಳಗೇ ಇಣುಕಿದರು. ಆಮೇಲೆ ಉರುಕುಂದಮ್ಮ. ಎಡಗಡೆಯ ನಸಿಪುಡಿಯ ಹಳದಿ ಪೂರ್ತಿ ಹೋಗಿತ್ತು. ಅದರಡಿಯ ಕಂದು ಪಟ್ಟೆ, ಸುಣ್ಣದ ಗೆರೆ ಕೆತ್ತಿದ ಹಾಗೆ ಉಳಿದಿದ್ದವು.

"ಇವತ್ತು ತಿಕ್ಕಿದ ತಂಬಾಕು ಹೋತು. ಹಿಂದೆಂದರ ಜಗಿದಿದ್ರೂ ಹೋಗ್ತಿತ್ತು, ಸುಂಕಣ್ಣನ್ನ ನೋಡ್ರಿ" ಎಂದ ಆದೆಪ್ಪ. "ಉಳಿದದ್ದು ತಂಬಾಕಲ್ಲ. ನೀರು."

ಮ್ಯಾನೇಜರ್ ನಕ್ಕ. "ಎಂಥ ಕಲೆಯಾದರೂ ಹೋಗ್ತೈತಿ ಅಂತ ಬೋರ್ಡು ಹಾಕೀಯಲ್ಲೋ? ನಿನ್ನ ಹಲ್ಲು ಹಂಗ ಹೊಳಿತಾವು, ಈಕಿದು ಯಾಕ ಹೋಗಲಿಲ್ಲ? ಬೇಕಂತ ನೀರು ಹಚ್ಚಿ ಬಿಟ್ಟಿ. ಇಲ್ಲಾ ಬೋರ್ಡು ಸುಳ್ಳು, ಇಲ್ಲಾ ನೀ ಸುಳ್ಳ."

ಇನ್‌ಸ್ಪೆಕ್ಟರ್ ಆದೆಪ್ಪನ ಮುಖ ನೋಡಿದರು. ಪ್ರಶ್ನೆ ನ್ಯಾಯವಾದದ್ದೇ.

ಆದೆಪ್ಪ ಕೈ ಒರೆಸಿಕೊಂಡ. ಎರಡು ಬೆರಳು ಬಾಯಿಗೆ ಹಾಕಿ, ಲಟಕ್ಕನೆ ಮೇಲಿನ ಸಾಲಿನ ಮುಂದಿನ ಆರು ಹಲ್ಲು ಎಳೆದು ತೆಗೆದ. ಕೆಂಪು ರಬ್ಬರಿನ ಹಲ್ಲುಕಟ್ಟು. ಅದನ್ನು ಮ್ಯಾನೇಜರನ ಪಕ್ಕ ಬೆಂಚಿನ ಮೇಲೆ ಇಟ್ಟ. ಹತ್ತು ವರ್ಷ ಊರೆಲ್ಲ ನಂಬಿದ ಬಿಳುಪು ಉಗುಳಿನಲ್ಲಿ ಹೊಳೆಯುತ್ತ ಕೂತಿತು. ಆಮೇಲೆ ಆದೆಪ್ಪ ಜೀವಮಾನದಲ್ಲಿ ಮೊದಲ ಸಲ ನಮ್ಮ ಮುಂದೆ ಪೂರ್ತಿ ಬಾಯಿ ತೆರೆದ. ಮುಂದೆ ಖಾಲಿ. ಹಿಂದಿನ, ಕೆಳಗಿನ ಹಲ್ಲೆಲ್ಲ ಕಂದು ಪಟ್ಟೆ, ಸುಣ್ಣದ ಗೆರೆ. ಉರುಕುಂದಮ್ಮನವೇ.

"ಅದಾ ಪಾಳ್ಯದಾಗ ಹುಟ್ಟಿದವ ನಾ" ಎಂದ. ಹಲ್ಲಿಲ್ಲದ ಬಾಯಿಂದ ಮಾತು ಗಾಳಿ ಗಾಳಿಯಾಗಿ ಬಂತು. "ಅದಾ ಮೆಟ್ಟಲ ಬಾವಿ. ಪಟಾಲಮ್ಮಿನಾಗ ಎಲ್ಲಾರೂ ನಗ್ತಿದ್ರು. ಕದ್ದು ಆಸಿಡ್ ಹಚ್ಕೊಂಡೆ. ಕಲೆ ಹೋತು, ಅದರ ಹಿಂದ ಹಲ್ಲೂ ಹೋತು. ಬೋರ್ಡು ಸುಳ್ಳು, ಸಾರ್. ಬರ್ಕೋರಿ."

ಸುಂಕಣ್ಣ ಗಲ್ಲದಲ್ಲಿನ ಹತ್ತಿ ಉಗುಳಿ, "ಹಂಗಂದ್ರ ನಂದರ ಖರೇ ಹಲ್ಲು!" ಎಂದ. ಯಾರೂ ನಗಲಿಲ್ಲ.

ಇನ್‌ಸ್ಪೆಕ್ಟರ್ ಬರೆದರು. ಎಂಟೂ ಮಂದಿಯನ್ನು ಸೋಮವಾರದಿಂದ ಕೆಲಸಕ್ಕೆ ತೆಗೆದುಕೊಳ್ಳಬೇಕು. ಉರುಕುಂದಮ್ಮನಿಗೆ ಮಾತ್ರ ಎಚ್ಚರಿಕೆಯ ಚೀಟಿ. ಮಿಲ್ಲಿನೊಳಗೆ ನಸಿಪುಡಿ ತರಕೂಡದು. ಆಕೆ ಹೆಬ್ಬೆಟ್ಟು ಒತ್ತಿ, ಹೊರಗೆ ಹೋಗಿ ಗೋಡೆಗೊರಗಿ ಕೂಸಿಗೆ ಮೊಲೆ ಕೊಟ್ಟಳು. ಹಾಲು ಕುಡಿಸುವ ಕಾಲು ಗಂಟೆ ಸಿಗಲು ಇನ್ನೂ ಎರಡು ಸುಗ್ಗಿ ಬಡಿದಾಡಬೇಕಾಯಿತು. ಅದು ಬೇರೆ ಕತೆ.

ಆದೆಪ್ಪನ ಹಲ್ಲುಕಟ್ಟಿನ ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ಬಿಳಿ ಮಾಡಿಸಿಕೊಳ್ಳಲು ಬರುವವರು ತಿಂಗಳುಗಟ್ಟಲೆ ಬರಲಿಲ್ಲ. ಅವನು ಕೆಂಪು ಸಾಲಿಗೆ ಸುಣ್ಣ ಬಳಿದು, ಅದರ ಮೇಲೆ 'ತಂಬಾಕು, ಎಲೆ, ಚಹಾ ಕಲೆ ಮಾತ್ರ' ಎಂದು ಬರೆಸಿದ. ಕೆಲಸ ಮೊದಲಿಗಿಂತ ಚೆನ್ನಾಗಿ ಆಗುತ್ತಿತ್ತು. ಸೀಸೆ ಮರಳಿನಲ್ಲಿ, ಮೊದಲು ಆಲೂಗಡ್ಡೆ, ಆಮೇಲೆ ಬಾಯಿ. ಮನೆಗೆ ಹೋಗುವವರಿಗೆಲ್ಲ ನಸಿಪುಡಿ ಮುಟ್ಟಬೇಡಿ ಎಂದು ಮೂರು ಸಲ ಹೇಳುತ್ತಿದ್ದ. ಸುಂಕಣ್ಣ ಮಾತ್ರ ಉಳಿದರ್ಧಕ್ಕೆ ಬರಲೇ ಇಲ್ಲ. ಬಿಳಿ ಕಡೆ ಮದುವೆಮನೆಗೆ, ಕಂದು ಕಡೆ ತಂಬಾಕಿಗೆ ಇರಲಿ ಎನ್ನುತ್ತಿದ್ದ.

ಸುಗ್ಗಿ ಮುಗಿದು ಊರಿಗೆ ಹೊರಟ ದಿನ ಉರುಕುಂದಮ್ಮ ಕೋಣೆಗೆ ಬಂದಳು. ಕೂಸಿನ ತುಟಿ ಬಿಡಿಸಿ ತೋರಿಸಿದಳು. ಎರಡು ಹಾಲುಹಲ್ಲು, ಬೆಳ್ಳಗೆ.

"ಇವನರ ಹಿಂಗಾ ಇರಾಕ ಏನು ಹಚ್ಚಬೇಕಣ್ಣಾ?"

"ಏನೂ ಹಚ್ಚಬ್ಯಾಡ" ಎಂದ ಆದೆಪ್ಪ. "ಹೊಳಿ ನೀರು ಕುಡಿಸು. ನಾಗಲದಿನ್ನಿಯಾಗ ನಿಮ್ಮೋರು ಯಾರರ ಅದಾರೇನು?"

"ನಮ್ಮ ಅಕ್ಕ ಅದಾಳ."

"ಹಂಗಂದ್ರ ಪಾಳ್ಯಕ್ಕ ಯಾಕ ಹೋಗ್ತಿ? ಅಲ್ಲಿಗೇ ಹೋಗು" ಎಂದ. ಈ ಸಲ ತುಟಿ ಬಿಗಿಹಿಡಿಯಲಿಲ್ಲ.