ಅಕ್ಕನದಲ್ಲದ ಎರಡು ಪುಟ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಲಿಸಿದ್ದು ಒಂದೇ ವಿದ್ಯೆ. ಎದುರಾಳಿಯ ಮಾತು ಎಲ್ಲಿ ಟೊಳ್ಳು ನೋಡು, ಅಲ್ಲೇ ಹೊಡಿ. ಉಳಿದದ್ದು ಎಷ್ಟು ಗಟ್ಟಿಯಿದ್ದರೂ ಅದರ ತಂಟೆಗೆ ಹೋಗಬೇಡ. ಟೋಕಿಯೋ ಪಕ್ಕದ ಗ್ಯೋಟೋಕುವಿಗೆ ಬಂದ ಮೇಲೆ ಈ ವಿದ್ಯೆಯನ್ನು ಪೂರ್ತಿಯಾಗಿ ಬಳಸಿದ್ದು ಒಮ್ಮೆ ಮಾತ್ರ. ಅದೂ ನನಗೆ ಎರಡು ವರ್ಷ ಅನ್ನ ಹಾಕಿದ ಹೆಂಗಸಿನ ಮೇಲೆ.

ಪಕ್ಕದ ಬಿಲ್ಡಿಂಗಿನ ಅಕ್ಕ ಮೈಸೂರಿನಲ್ಲಿ ಇಂಗ್ಲಿಷ್ ಟೀಚರಾಗಿದ್ದವರು. ಗಂಡನ ಪೋಸ್ಟಿಂಗ್ ಅಂತ ಬಂದು ಒಂಬತ್ತು ವರ್ಷ ಮನೆಯಲ್ಲೇ ಉಳಿದರು. ಲೈಬ್ರರಿಯಲ್ಲಿ ಪರಿಚಯವಾದ ಜಪಾನಿ ಪ್ರೊಫೆಸರ್ ಒಬ್ಬರು ತಮ್ಮ ಕಾಲೇಜಿನಲ್ಲಿ ವಾರಕ್ಕೆ ಎರಡು ಕ್ಲಾಸ್ ಕೊಡಿಸುವ ಯೋಚನೆಯಲ್ಲಿದ್ದರು. ಅದಕ್ಕೆ ಮೊದಲು ಒಮ್ಮೆ ಅಕ್ಕನ ಮಾತು ಕೇಳಬೇಕಿತ್ತು. ನಮ್ಮ ಕನ್ನಡ ಸಂಘದಲ್ಲಿ ಅಕ್ಕ ಕೊಡಲಿದ್ದ ಉಪನ್ಯಾಸಕ್ಕೆ ಪ್ರೊಫೆಸರನ್ನು ಕರೆದದ್ದು ಆ ಕಾರಣಕ್ಕೆ. ಅವತ್ತು ಮಾತ್ರ ಇಂಗ್ಲಿಷಿನಲ್ಲಿ ಎಂದು ತೀರ್ಮಾನವಾಯಿತು.

ವಿಷಯ, ಹತ್ತೊಂಬತ್ತನೇ ಶತಮಾನದ ಒಬ್ಬ ಅಮೆರಿಕನ್ ಕಾದಂಬರಿಕಾರನ ಧರ್ಮಚಿಂತನೆ. ಹೆಸರು ಬೇಡ, ಹೇಳಿದರೆ ಮತ್ತೆ ವಾದ ಶುರುವಾಗುತ್ತದೆ. ಯಾರಿಗೆ ಮೋಕ್ಷ, ಯಾರಿಗೆ ನರಕ ಎಂಬುದನ್ನು ಮನುಷ್ಯ ಹುಟ್ಟುವ ಮೊದಲೇ ದೇವರು ಗೊತ್ತುಮಾಡಿಟ್ಟಿದ್ದಾನೆ ಎನ್ನುವ ಚರ್ಚಿನಲ್ಲಿ ಬೆಳೆದವನು. ದೊಡ್ಡವನಾದ ಮೇಲೆ ಸಂದೇಹವಾದಿ ತತ್ವಜ್ಞಾನಿಗಳನ್ನು ಓದಿ ಕೆಟ್ಟವನು.

"ಅವ್ನು ನಾಸ್ತಿಕ ಅಲ್ಲ ಕಣೇ," ಎಂದರು ಅಕ್ಕ, ಉಪನ್ಯಾಸದ ಹಿಂದಿನ ವಾರ, ಚಪಾತಿ ಲಟ್ಟಿಸುತ್ತಾ. "ದೇವರ ಜೊತೆ ಠೂ ಬಿಟ್ಟಿದಾನೆ. ಇಲ್ಲದೇ ಇರೋರ ಜೊತೆ ಯಾರಾದ್ರೂ ಠೂ ಬಿಡ್ತಾರಾ?"

ನಾನು ದೇವರನ್ನು ನಂಬುವವಳಲ್ಲ. ಆದರೂ ಆ ಒಂದು ಮಾತಿಗೆ ಅವನ ಕಾದಂಬರಿಗಳೆಲ್ಲ ಬೇರೆಯಾಗಿ ಕಂಡವು. "ಇದನ್ನೇ ಹೇಳಿ ಅಕ್ಕ," ಎಂದೆ.

"ಠೂ ಅನ್ನೋದಕ್ಕೆ ಇಂಗ್ಲಿಷ್ ಎಲ್ಲಿಂದ ತರ್ಲಿ? ಅದಿರ್ಲಿ, ಇದು ನೋಡು." ಹಿಟ್ಟಿನ ಕೈಯಲ್ಲೇ ಭಾಷಣದ ಎರಡು ಪುಟ ಎತ್ತಿ ತೋರಿಸಿದರು. ಆತನಿಗೆ ಉಪನಿಷತ್ತಿನ ಪ್ರಭಾವವಿತ್ತು ಎಂದು ಬರೆದಿತ್ತು. "ಸಂಘದ ಅಧ್ಯಕ್ಷರು ಸೇರಿಸು ಅಂದ್ರು. ವೇದಾಂತ ಇಲ್ಲದಿದ್ರೆ ಜನ ಕೇಸರಿಬಾತ್‌ಗೆ ಬರ್ತಾರಮ್ಮ, ಮಾತಿಗೆ ಬರಲ್ಲ ಅಂತ."

"ಸುಳ್ಳಲ್ವಾ ಇದು?"

"ಸುಳ್ಳೇ. ನಮ್ಮನೆಯವರ ಮೇಲಧಿಕಾರಿ ಅವ್ರು. ಏನ್ಮಾಡ್ಲಿ, ಹೇಳು."

ಚಪಾತಿ ತಿಂದು ಬಂದೆ.

ಭಾನುವಾರ ಅಕ್ಕ ಚೆನ್ನಾಗಿಯೇ ಮಾತಾಡಿದರು. ಪ್ರೊಫೆಸರ್ ತಲೆಯಾಡಿಸುತ್ತಾ ಬರೆದುಕೊಳ್ಳುತ್ತಿದ್ದರು. ಕೊನೆಗೆ ಆ ಎರಡು ಪುಟ ಬಂತು, ಅಕ್ಕನ ದನಿ ಇಳಿಯಿತು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಜಗತ್ತಿನ ಜ್ಞಾನಕ್ಕೆಲ್ಲ ತಮ್ಮ ಮನೆಯ ಹಿತ್ತಿಲಿಂದಲೇ ಬೀಜ ಹೋಗಿದ್ದು ಎನ್ನುವಂತೆ ಎದೆಯುಬ್ಬಿಸಿ ಕೂತಿದ್ದರು. ನನಗೆ ಮೈ ಉರಿಯಿತು. ಪ್ರಶ್ನೆಗಳಿವೆಯೇ ಎಂದದ್ದೇ ತಡ, ಎದ್ದೆ.

"ಆತ ಉಪನಿಷತ್ತು ಓದಿದ್ದ ಅನ್ನೋಕೆ ಆಧಾರ ಏನು? ಒಂದು ಕಾಗದ? ಡೈರಿಯ ಒಂದು ಸಾಲು?"

"ನೇರವಾಗಿ ಇಲ್ಲ..."

"ಹೋಲಿಕೆಯನ್ನೇ ಪ್ರಭಾವ ಅಂತ ಕರೀಬಹುದಾ? ಎರಡಕ್ಕೂ ಮೂರು ಮೂಲೆ ಅಂತ ಕೊಂಬಿನಿ ಅಂಗಡಿಯ ಅನ್ನದ ಓನಿಗಿರಿ ನಮ್ಮ ಸಮೋಸಾದ ಮೊಮ್ಮಗಳಾಗುತ್ತಾ?"

ಸಭೆ ಗೊಳ್ಳೆಂದು ನಕ್ಕಿತು. ಪ್ರೊಫೆಸರ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನು ನಿಲ್ಲಿಸಲಿಲ್ಲ, ಇನ್ನೆರಡು ಕೇಳಿದೆ. ಅಕ್ಕ ನನ್ನನ್ನು ನೋಡಿದರು, ಮುಂದಿನ ಸಾಲನ್ನು ನೋಡಿದರು, "ನನ್ನ ತಪ್ಪು, ಇನ್ನಷ್ಟು ಓದಬೇಕಿತ್ತು" ಎಂದರು. ನಾನು ಹೊಡೆದದ್ದು ಅಧ್ಯಕ್ಷರಿಗೆ ಎಂದು ಅವತ್ತು ನನ್ನ ನಂಬಿಕೆ. ಅವರಿಗೆ ಅದು ತಾಗಿರಲೇ ಇಲ್ಲ. "ಏನ್ ಮಾತಾಡ್ತೀಯಮ್ಮ! ಮುಂದಿನ ತಿಂಗಳು ನಿಂದೇ ಭಾಷಣ," ಎಂದು ಬೆನ್ನು ತಟ್ಟಿದರು.

ಪ್ರೊಫೆಸರ್ ಅಕ್ಕನಿಗೆ ಸೊಂಟದವರೆಗೂ ಬಾಗಿ, ಬಹಳ ಕಲಿತೆ ಎಂದು ಹೇಳಿ ಹೋದರು. ಎರಡು ವಾರಕ್ಕೆ ಅಕ್ಕನಿಗೆ ಅವರ ಮೇಲ್ ಬಂತು. ಈ ವರ್ಷ ಸ್ವಲ್ಪ ಕಷ್ಟವಾಗಬಹುದು ಎಂದಿತ್ತು. ಈ ದೇಶದಲ್ಲಿ ಸ್ವಲ್ಪ ಕಷ್ಟ ಎಂದರೆ ಇಲ್ಲ ಎಂದೇ ಅರ್ಥ. ಅದು ಮುಂದಿನ ವರ್ಷಕ್ಕೂ ಅನ್ವಯಿಸುತ್ತದೆ. ಕ್ಲಾಸ್ ತಪ್ಪಿದ್ದು ನನ್ನಿಂದಲೇ ಎನ್ನಲು ಪುರಾವೆ ಇಲ್ಲ ಎಂದು ಮೂರು ದಿನ ನನ್ನೊಳಗೇ ವಾದಿಸಿ, ನಾಲ್ಕನೇ ದಿನ ಅವರ ಮನೆಗೆ ಹೋದೆ.

"ಆ ಎರಡು ಪುಟ ನಿಮ್ಮದಲ್ಲ ಅಂತ ನಾನು ಪ್ರೊಫೆಸರಿಗೆ ಬರೀತೀನಿ ಅಕ್ಕ. ಒತ್ತಾಯಕ್ಕೆ ಸೇರಿಸಿದ್ದು, ನಿಮಗೂ ಅದರಲ್ಲಿ ನಂಬಿಕೆ ಇರ್ಲಿಲ್ಲ ಅಂತ."

ಅಕ್ಕ ಮಗಳ ಯೂನಿಫಾರ್ಮಿಗೆ ಗುಂಡಿ ಹೊಲಿಯುತ್ತಿದ್ದರು. ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದರು.

"ಬರೆದ್ರೆ ಏನಂದ್ಕೋತಾರೆ? ತನಗೇ ನಂಬಿಕೆ ಇಲ್ಲದ್ದನ್ನ ನಾಲ್ಕು ಜನರ ಮುಂದೆ ನಿಂತು ಓದಿದಳು ಅಂತ. ಈಗ ದಡ್ಡಿ ಅಂತ ಮಾತ್ರ ಅಂದ್ಕೊಂಡಿದಾರೆ. ಅಷ್ಟಕ್ಕೇ ಬಿಡೇ."