ಇಲಿಗಳಿಗೆ ತುಪ್ಪ, ಅಪ್ಪನಿಗೆ ಪಥ್ಯ

ನಲವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನನ್ನ ಕೆಲಸ ಇಲಿಗಳಿಗೆ ಊಟ ಹಾಕುವುದು. ದೊಡ್ಡಬಳ್ಳಾಪುರದಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಒಂದು ಪ್ರಯೋಗಶಾಲೆಗೆ ಹೋಗುತ್ತಿದ್ದೆ. ನಿಮ್ಮ ಬೀಗರೆಲ್ಲ ಕ್ಷೇಮವೇನಪ್ಪಾ ಎಂದು ರೈಲಿನಲ್ಲಿ ಜೊತೆಯವರು ಇಲಿಗಳ ಯೋಗಕ್ಷೇಮ ಕೇಳುತ್ತಿದ್ದರು. ಪ್ರಯೋಗಶಾಲೆಯಲ್ಲಿ ಬಿಳಿ ಇಲಿಗಳ ಗೂಡುಗಳು ಸಾಲಾಗಿದ್ದವು. ಒಂದು ಸಾಲಿಗೆ ತುಪ್ಪ, ಒಂದಕ್ಕೆ ಕಡಲೆಕಾಯಿ ಎಣ್ಣೆ, ಒಂದಕ್ಕೆ ಕೊಬ್ಬರಿ ಎಣ್ಣೆ, ಇನ್ನೊಂದಕ್ಕೆ ಡಬ್ಬಿಯಲ್ಲಿ ಬರುತ್ತಿದ್ದ ವನಸ್ಪತಿ ಎಂಬ ಗಟ್ಟಿ ಎಣ್ಣೆ. ಇಲಿಗಳು ಮುದಿಯಾದಂತೆಲ್ಲ ಯಾವ ಜಿಡ್ಡು ತಿಂದವುಗಳ ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚುತ್ತದೆ ಎಂದು ನೋಡಬೇಕಿತ್ತು. ರಕ್ತದಿಂದ ತೆಗೆದ ತಿಳಿಗೆ ಆಮ್ಲ ಬೆರೆಸಿದರೆ ಹಸಿರು ಬಣ್ಣ ಬರುತ್ತಿತ್ತು. ಹಸಿರು ಗಾಢವಾದಷ್ಟೂ ಕೊಲೆಸ್ಟ್ರಾಲ್ ಜಾಸ್ತಿ. ನೇಯುವವರ ಮನೆಯಲ್ಲಿ ಹುಟ್ಟಿದ ನನಗೆ ಬಣ್ಣದ ಛಾಯೆ ಗುರುತಿಸುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಜಂಬವೇ ನನ್ನನ್ನು ಹಾಳು ಮಾಡಿತು.

ಮನೆಯಲ್ಲಿ ಅಪ್ಪ ಗುಂಡಿಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದ. ಆ ವರ್ಷ ದೀಪಾವಳಿ ಕಳೆದ ಮೇಲೆ, ಮಗ್ಗದಿಂದ ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಎದೆ ಹಿಡಿದುಕೊಂಡು ನಿಲ್ಲತೊಡಗಿದ. ಗುಂಡಿಗೆ ಸೋತಿದೆ, ಆಯಾಸ ಮಾಡಿಕೊಳ್ಳಬೇಡಿ ಎಂದರು ವೈದ್ಯರು. ಊಟದ ಮಾತನ್ನು ಅವರು ಎತ್ತಲೇ ಇಲ್ಲ. ಎತ್ತಿದವನು ನಾನು. ಅದೇ ವಾರ ತುಪ್ಪ ತಿಂದ ಕೆಲವು ಇಲಿಗಳ ರಕ್ತ ಉಳಿದವಕ್ಕಿಂತ ಹೆಚ್ಚು ಹಸಿರಾಗಿ ಕಂಡಿತ್ತು. ಇಷ್ಟರಿಂದ ಏನೂ ಹೇಳಲಾಗದು, ಎಲ್ಲವೂ ಮುದಿಯಾಗುವವರೆಗೆ ಕಾಯಬೇಕು ಎಂದು ಪ್ರಯೋಗಶಾಲೆಯ ನಮ್ಮ ಮೇಲಿನವರು ಅಂದದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಅಪ್ಪನಿಗೆ ಇದ್ದದ್ದು ಒಂದೇ ಬಾಯಿಚಪಲ. ಬಿಸಿ ಮುದ್ದೆಯ ನಡುವೆ ಗುಳಿ ಮಾಡಿ, ಮನೆಯ ಎಮ್ಮೆಯ ತುಪ್ಪ ಹಾಕಿಸಿಕೊಂಡು, ಅದು ಕರಗುವುದನ್ನು ನೋಡುತ್ತ ಉಣ್ಣುವುದು. ನಾನು ಅದನ್ನು ನಿಲ್ಲಿಸಿದೆ. ಅವ್ವನಿಗೆ ಹಸಿರು ಬಣ್ಣದ ಕತೆ ಹೇಳಿ ಹೆದರಿಸಿದೆ. ಓದಿದ ಮಗನ ಮಾತೆಂದು ಅವಳು ತುಪ್ಪದ ಗಡಿಗೆಯನ್ನು ಅಟ್ಟದ ಮೇಲಿಟ್ಟಳು.

"ಇಲಿ ನೋಡಿ ಅಪ್ಪನಿಗೆ ಪಥ್ಯ ಮಾಡ್ತೀಯೇನೋ?" ಎಂದು ಅಪ್ಪ ಮೊದಮೊದಲು ನಕ್ಕ. ಆಮೇಲೆ ನಗು ನಿಂತಿತು. ಸಾರಿನಲ್ಲಿ ಅದ್ದಿದ ಎರಡು ತುತ್ತು ನುಂಗಿ ಕೈ ತೊಳೆದುಬಿಡುತ್ತಿದ್ದ. ಒಂದು ಸಂಜೆ, ಇವತ್ತೊಂದು ದಿನ ಹಾಕಿಸೋ ಎಂದು ನನ್ನನ್ನೇ ಕೇಳಿದ. ಮನೆಯ ಯಜಮಾನ, ಮಗನನ್ನು ಕೇಳಿದ. ನಾನು ಆಗಲ್ಲ ಅಂದೆ. ಅವತ್ತು ಬೆಳಿಗ್ಗೆಯಷ್ಟೇ ಇಲಿಗಳಿಗೆ ಕೈಯಾರೆ ತುಪ್ಪ ಕಲಸಿ ಹಾಕಿ ಬಂದಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಯುಗಾದಿ ಕಳೆದು ಹದಿನೈದು ದಿನಕ್ಕೆ ಅಪ್ಪ ಮಗ್ಗದ ಮುಂದೆ ಕೂತಲ್ಲೇ ತೀರಿಕೊಂಡ.

ಮಳೆಗಾಲ ಮುಗಿಯುವಷ್ಟರಲ್ಲಿ ಇಲಿಗಳೆಲ್ಲ ಮುದಿಯಾಗಿ, ಕೂದಲುದುರಿ, ಮೂಲೆ ಹಿಡಿದಿದ್ದವು. ಕಡೆಯ ಸಲ ರಕ್ತ ತೆಗೆದು ನೋಡಿದಾಗ ನಾಲ್ಕೂ ಸಾಲಿನವು ಒಂದೇ ಗಾಢ ಹಸಿರು. ಚೀಟಿ ನೋಡದೆ ಯಾವುದು ತುಪ್ಪದ್ದು, ಯಾವುದು ಎಣ್ಣೆಯದು ಎಂದು ನನ್ನ ಕಣ್ಣಿಗೂ ತಿಳಿಯಲಿಲ್ಲ. ಆ ಇಲಿಗಳ ಮಟ್ಟಿಗೆ ರಕ್ತ ಕೆಡಿಸಿದ್ದು ಮುಪ್ಪು. ಇಲಿಯ ಮೈ ಬೇರೆ, ಮನುಷ್ಯನ ಮೈ ಬೇರೆ, ಇದನ್ನು ಅದಕ್ಕೆ ಹಚ್ಚಬಾರದು ಎಂದೂ ಮೇಲಿನವರು ವರದಿಯಲ್ಲಿ ಸೇರಿಸಿದರು. ಅದನ್ನು ದುಂಡಗೆ ನಕಲು ಮಾಡಿಕೊಟ್ಟವನು ನಾನೇ. ಮನೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ.

ವರ್ಷ ತುಂಬಿದ ದಿನ ಅಪ್ಪನಿಗೆ ಎಡೆ ಇಟ್ಟೆವು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸುವುದು ನಮ್ಮಲ್ಲಿನ ಪದ್ಧತಿ. ಅವ್ವ ಮುದ್ದೆ, ಸಾರು, ಹೋಳಿಗೆ ಎಲ್ಲ ಬಡಿಸಿದಳು, ತುಪ್ಪ ಹಾಕಲಿಲ್ಲ. ಹಾಕವ್ವ ಅಂದೆ. ಅವಳು ಎಲೆಗೆ ಕೈ ಅಡ್ಡ ಹಿಡಿದಳು.

"ಬೇಡ ಕಣಪ್ಪಾ. ಆ ಯುಗಾದಿ ದಿನ ನಿಂಗೆ ಕಾಣದಂಗೆ ಹೋಳಿಗೆಗೆ ಒಂದು ಚಮಚ ಹಾಕ್ಬಿಟ್ಟಿದ್ದೆ. ನಾನೇ ಕೊಂದ್ಬಿಟ್ಟೆ ಅವರನ್ನ."

ಒಂದು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನಗೆ ದಿನಾ ಅನ್ನ ಹಾಕಿದ್ದಳು. ಇನ್ನು ತಡೆಯಲಾಗದೆ ಎಲ್ಲ ಹೇಳಿದೆ. ಯಾವ ಜಿಡ್ಡು ತಿಂದ ಇಲಿಯ ರಕ್ತವಾದರೂ ಕೊನೆಗೆ ಒಂದೇ ಹಸಿರಾಯಿತು, ತುಪ್ಪದಿಂದ ಅಪ್ಪ ಸಾಯಲಿಲ್ಲ, ನಿನ್ನದೇನೂ ತಪ್ಪಿಲ್ಲ ಅಂದೆ. ಅವಳಿಗೆ ಸಮಾಧಾನವಾಗಬಹುದು ಅಂದುಕೊಂಡಿದ್ದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು.

"ಹಂಗಾದ್ರೆ ಅಷ್ಟು ತಿಂಗಳು ಅವರಿಗೆ ಯಾಕಪ್ಪಾ ಬೇಡ ಅಂದೆ?"